ಮುಚ್ಚಳದ ಅಂಚಿನ ಬಣ್ಣ

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಜಪ ಮಾಡುವವರಿಗಿಂತ ತಗಡು ಬಡಿಯುವವರೇ ಜಾಸ್ತಿ.

ನಗಬೇಡಿ, ಇದ್ದದ್ದನ್ನೇ ಹೇಳುತ್ತಿರುವುದು. ಆಶ್ರಮಕ್ಕೆ ಸೇರಿದ ಒಂದು ಸಣ್ಣ ಆಸ್ಪತ್ರೆ ಇತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಅಲ್ಲಿ ನೋಡಿಕೊಳ್ಳುತ್ತಿದ್ದರು. ಇದ್ದದ್ದು ಆರೇ ತೊಟ್ಟಿಲು. ಆಸ್ಪತ್ರೆಯ ಹಿಂದೆ ಒಂದು ಶೆಡ್ಡು, ಶೆಡ್ಡಿನಲ್ಲಿ ಅಡಿವೆಯ್ಯ ಅಜ್ಜಾರು.

ಅಜ್ಜಾರು ಮೂವತ್ತು ವರ್ಷ ಊರೂರು ತಿರುಗಿ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡಿದವರು. ವಯಸ್ಸಾದ ಮೇಲೆ ಇಲ್ಲಿ ಬಂದು ನೆಲೆ ನಿಂತರು. ಅವರು ಕಲಿಸುತ್ತಿದ್ದ ವಿದ್ಯೆ ಒಂದೇ: ಯಂತ್ರಗಳಿಗೆ ಲೋಹದ ಡಬ್ಬಿ ಮಾಡುವುದು.

ಡಬ್ಬಿ ಮಾಡುವುದೂ ಒಂದು ವಿದ್ಯೆಯೇ ಎಂದು ಮೂಗು ಮುರಿಯುವವರಿದ್ದರು. ಶಿಷ್ಯ ಕಲ್ಮೇಶನೂ ಬಂದ ದಿನ ಹಾಗೇ ಅಂದುಕೊಂಡಿದ್ದ. ಅದು ಆರು ವರ್ಷದ ಹಿಂದಿನ ಮಾತು.

“ಕರೆಂಟಿನ ಮ್ಯಾಲೆ ನಡಿಯೂ ಯಂತ್ರ ಎಲ್ಲಾ ಗದ್ದಲ ಮಾಡತಾವ,” ಎಂದಿದ್ದರು ಅಜ್ಜಾರು ಆ ದಿನ. “ನಮ್ಮ ಕಿವಿಗೆ ಕೇಳೂದಿಲ್ಲ. ಬಾಜೂಕಿನ ಯಂತ್ರಕ್ಕ ಕೇಳತೈತಿ. ಕೇಳಿ ಕೇಳಿ ಅದು ಗಲಿಬಿಲಿ ಆಗಿ ಸುಳ್ಳು ಹೇಳಾಕ ಸುರು ಮಾಡತೈತಿ.”

“ಅದಕ್ಕ ಡಬ್ಬಿ ಏನ್ ಮಾಡತೈತ್ರಿ?”

ಅಜ್ಜಾರು ಬಾಯಿ ಮಾತಿನ ಉತ್ತರ ಕೊಡಲಿಲ್ಲ. ಒಂದು ಸಣ್ಣ ರೇಡಿಯೋ ಹಚ್ಚಿ, ಬಣ್ಣ ಬಳಿದ ಸ್ಟೀಲ್ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದರು. ರೇಡಿಯೋ ಒಳಗಿನಿಂದಲೂ ಹಾಡುತ್ತಲೇ ಇತ್ತು.

ಆಮೇಲೆ ಮುಚ್ಚಳ ತೆಗೆದರು. ಡಬ್ಬಿಯ ಅಂಚಿನ ಬಣ್ಣವನ್ನು, ಮುಚ್ಚಳದ ಅಂಚಿನ ಬಣ್ಣವನ್ನು ಪಾಲಿಶ್ ಪೇಪರಿನಿಂದ ಸುತ್ತಲೂ ತಿಕ್ಕಿದರು. ಬೆಳ್ಳಗಿನ ಲೋಹ ಕಂಡಿತು. ಮತ್ತೆ ಮುಚ್ಚಿ, ಸ್ಕ್ರೂ ಹಾಕಿದರು.

ರೇಡಿಯೋ ಸುಮ್ಮನಾಯಿತು.

ಕಲ್ಮೇಶ ಬಗ್ಗಿ ಡಬ್ಬಿಗೆ ಕಿವಿ ಹಚ್ಚಿದ. ಬರೀ ಸೊರ್ರೆಂಬ ಸದ್ದು.

“ಹಾಡು ಎಲ್ಲಿ ಹೋತ್ರಿ?”

“ಎಲ್ಲೂ ಹೋಗಿಲ್ಲ. ಒಳಗ ಬರಾಕ ದಾರಿ ಇಲ್ಲದ ಹೊರಗ ನಿಂತೈತಿ.”

ಆ ಒಂದು ದಿನದಲ್ಲಿ ಅಜ್ಜಾರು ಹೇಳಿದ್ದು ಇಷ್ಟು. ತಗಡಿಗೆ ತಗಡು ಮುಟ್ಟಬೇಕು, ನಡುವೆ ಏನೂ ಇರಬಾರದು, ಬಣ್ಣವೂ ಇರಬಾರದು. ಸಣ್ಣ ದುಂಡನೆಯ ತೂತು ನೂರಿದ್ದರೂ ಡಬ್ಬಿ ತಡೆದುಕೊಳ್ಳುತ್ತದೆ, ಆದರೆ ಉದ್ದನೆಯ ಸೀಳು ಒಂದಿದ್ದರೆ ಡಬ್ಬಿ ಇದ್ದೂ ಇಲ್ಲದ ಹಾಗೆ. ಹೊರಗಿನದು ಒಳಗೆ ಬರಬಾರದು, ಒಳಗಿನದು ಹೊರಗೆ ಹೋಗಬಾರದು.

ಹೊರಗಿನದು ಒಳಗೆ ಬರಬಾರದೆಂಬುದು ಕಲ್ಮೇಶನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಉಳಿದರ್ಧ ಅಷ್ಟಕ್ಕಷ್ಟೇ.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಡಬ್ಬಿಯ ಮುಚ್ಚಳಕ್ಕೆ ಎಂಟು ಸ್ಕ್ರೂ. ಶಿಷ್ಯ ಡಬ್ಬಿ ಮಾಡಿ ತಂದು ಎದುರಿಗಿಡಬೇಕು. ಅಜ್ಜಾರು ಮುಚ್ಚಳ ಎತ್ತಿ, ಅಂಚಿನ ಮೇಲೆ ಬೆರಳಾಡಿಸಿ ನೋಡುತ್ತಿದ್ದರು. ಸರಿ ಕಂಡರೆ ಶಿಷ್ಯ ಏಳು ಸ್ಕ್ರೂ ಹಾಕಬೇಕು, ಎಂಟನೆಯದನ್ನು ಅಜ್ಜಾರೇ ತಿರುವುತ್ತಿದ್ದರು. ಅದೇ ಒಪ್ಪಿಗೆ, ಅದೇ ಆಶೀರ್ವಾದ. ಅದಿಲ್ಲದೆ ಒಂದು ಡಬ್ಬಿಯೂ ಆಸ್ಪತ್ರೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಆರು ವರ್ಷದಲ್ಲಿ ಕಲ್ಮೇಶನ ಕೈ ಪಳಗಿತು. ಅವನ ಮಡಿಕೆ ನೇರ, ಮೂಲೆ ಚೂಪು. ಆದರೆ ಆ ಬರಿಯ ಅಂಚು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಎಷ್ಟು ಚಂದದ ಡಬ್ಬಿ ಮಾಡಿದರೂ ಸುತ್ತಲೂ ಒಂದು ಬೆರಳಗಲ ಬಣ್ಣವಿಲ್ಲದ ಪಟ್ಟಿ, ನದಿಯ ತಂಪು ಗಾಳಿಗೆ ನಾಲ್ಕು ದಿನದಲ್ಲೇ ಮಂಕಾಗುತ್ತಿತ್ತು.

“ನಿಮ್ಮ ಶೆಡ್ಡಿನ ಡಬ್ಬಿ ಯಾವಾಗ್ಲೂ ಅರ್ಧಾ ಕೆಲಸ ಬಿಟ್ಟಂಗ ಕಾಣತಾವ ನೋಡ್ರಿ ಕಲ್ಮೇಶಣ್ಣ,” ಎಂದು ನರ್ಸ್ ಹಸೀನಾ ಒಮ್ಮೆ ನಗುತ್ತ ಅಂದಿದ್ದಳು. ಅವಳು ಅಂದು ಮರೆತಳು, ಇವನು ಮರೆಯಲಿಲ್ಲ.

ಹೀಗಿರುವಾಗ ಮೂರನೇ ತೊಟ್ಟಿಲಿಗೆ ಹೊಸ ಹೀಟರ್ ಬಂತು. ಕೂಸನ್ನು ಬೆಚ್ಚಗಿಡುವ ಹೀಟರ್ ಅದು. ಕರೆಂಟನ್ನು ಹಚ್ಚಿ ಆರಿಸಿ ಕಾವನ್ನು ಹದದಲ್ಲಿಡುವ ಒಂದು ಸಲಕರಣೆ ಅದರ ಜೊತೆಗಿತ್ತು. ಅದಕ್ಕೆ ಡಬ್ಬಿ ಮಾಡುವ ಕೆಲಸ ಕಲ್ಮೇಶನ ಪಾಲಿಗೆ ಬಂತು.

ಅವನು ಹಿಂದೆಂದೂ ಮಾಡದಂಥ ಡಬ್ಬಿ ಮಾಡಿದ. ನೀಲಿ ಬಣ್ಣ ಹೊಡೆದ. ಒಳಗೂ ಹೊಡೆದ, ಹೊರಗೂ ಹೊಡೆದ, ಅಂಚಿಗೂ ಹೊಡೆದ. ಕೂದಲೆಳೆಯಷ್ಟು ಬಣ್ಣ, ಅದೇನು ಮಾಡೀತು? ಮುಚ್ಚಳ ಎಷ್ಟು ಬಿಗಿಯಾಗಿ ಕೂತಿತೆಂದರೆ, ಒಂದು ತಂಬಿಗೆ ನೀರು ಸುರಿದು ನೋಡಿದ, ಒಳಗೆ ಹನಿ ಇಳಿಯಲಿಲ್ಲ. ನೀರೇ ಹೋಗದಲ್ಲಿ ಗದ್ದಲ ಹೇಗೆ ಹೋಗುತ್ತದೆ ಎಂದುಕೊಂಡ. ನೀರಿಗೂ ಈ ಗದ್ದಲಕ್ಕೂ ಏನೇನೂ ಸಂಬಂಧವಿಲ್ಲ ಎಂದು ಆರು ವರ್ಷ ಕಲಿತವನಿಗೆ ಗೊತ್ತಿರಬೇಕಿತ್ತು. ಗೊತ್ತೂ ಇತ್ತು, ಅದೇ ದುಃಖದ ಸಂಗತಿ.

ಸೋಮವಾರ, ಅಜ್ಜಾರು ಅಂಚು ನೋಡುವ ಮೊದಲೇ ಏಳು ಸ್ಕ್ರೂ ಹಾಕಿಕೊಂಡು ಡಬ್ಬಿಯನ್ನು ಅಜ್ಜಾರ ಮುಂದಿಟ್ಟ.

ಅಜ್ಜಾರು ಡಬ್ಬಿ ನೋಡಿದರು, ಅವನ ಮುಖ ನೋಡಿದರು.

“ಮುಚ್ಚಿಕೊಂಡ ಬಂದೀಯಲ್ಲೋ.”

“ಲಗೂನ ಬೇಕು ಅಂತ ಡಾಕ್ಟರಮ್ಮಾರು ಹೇಳ್ಯಾರ್ರಿ. ತೆಗೀಲೇನ್ರಿ?”

ಅಜ್ಜಾರು ಮುಚ್ಚಳದ ಕಡೆ ಕೈ ಚಾಚಿ, ಹಿಂದಕ್ಕೆ ತೆಗೆದರು. ಆಮೇಲೆ ನಕ್ಕರು.

“ಇರಲಿ ಬಿಡು. ಆರು ವರ್ಷ ಆತು, ಇನ್ನೂ ಏನು ನೋಡೂದು.”

ಎಂಟನೇ ಸ್ಕ್ರೂ ತಿರುವಿದರು. ಡಬ್ಬಿ ತೊಟ್ಟಿಲ ಪಕ್ಕದ ಗೋಡೆಗೆ ಹೋಗಿ ಕೂತಿತು.

ಆ ತೊಟ್ಟಿಲಲ್ಲಿ ಫಕೀರವ್ವನ ಮಗಳಿದ್ದಳು. ಏಳು ತಿಂಗಳಿಗೇ ಹುಟ್ಟಿದ ಕೂಸು, ಇನ್ನೂ ಹೆಸರಿಟ್ಟಿರಲಿಲ್ಲ. ಅಂಥ ಕೂಸುಗಳಿಗೆ ಒಂದು ಗಂಡಾಂತರ ಉಂಟು, ನಿದ್ದೆಯಲ್ಲಿ ಉಸಿರಾಡುವುದನ್ನೇ ಮರೆಯುತ್ತವೆ. ಅಂಗಾಲಿಗೆ ಒಂದು ಚಿಟಿಕೆ ಹೊಡೆದರೆ ನೆನಪಾಗಿ ಮತ್ತೆ ಉಸಿರೆಳೆಯುತ್ತವೆ. ಅದಕ್ಕೆಂದೇ ಪ್ರತಿ ತೊಟ್ಟಿಲಿಗೂ ಉಸಿರು ಎಣಿಸುವ ಯಂತ್ರ. ಕೂಸಿನ ಎದೆಗೆ ಅಂಟಿಸಿದ ಎರಡು ವೈರು, ಒಂದು ಹಸಿರು ದೀಪ, ಒಂದು ಅಂಕಿ. ಉಸಿರು ನಿಂತರೆ ಯಂತ್ರ ಕಿರುಚಬೇಕು.

ಗುರುವಾರ ಬೆಳಿಗ್ಗೆ ಹಸೀನಾ ಆ ಕೂಸಿನ ಬಟ್ಟೆ ಬದಲಿಸಲು ಹೋದಳು. ಕೂಸಿನ ತುಟಿ ನೀಲಿಗಟ್ಟಿತ್ತು. ಎದೆ ಅಲ್ಲಾಡುತ್ತಿರಲಿಲ್ಲ.

ಯಂತ್ರ ಕಿರುಚಿರಲಿಲ್ಲ. ಹಸಿರು ದೀಪ ಉರಿಯುತ್ತಿತ್ತು. ಅಂಕಿ ಮೂವತ್ತು ಎಂದು ತೋರಿಸುತ್ತಿತ್ತು.

ಹಸೀನಾ ಅಂಗಾಲಿಗೆ ಹೊಡೆದಳು. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ಕೂಸು ಅತ್ತಿತು. ಅಬ್ಬಾ, ಆ ಅಳುವಿಗೆ ಇಡೀ ವಾರ್ಡೇ ಉಸಿರು ಬಿಟ್ಟಿತು. ಫಕೀರವ್ವ ನೆಲದ ಮೇಲೆ ಕುಸಿದು ಕೂತಳು.

ಅಜ್ಜಾರು, ಕಲ್ಮೇಶ ಇಬ್ಬರೂ ಓಡಿ ಬಂದರು.

“ಯಂತ್ರ ಹಳೇದಾಗೈತ್ರಿ,” ಎಂದ ಕಲ್ಮೇಶ.

ಬೇರೆ ತೊಟ್ಟಿಲಿನ ಯಂತ್ರ ತಂದು ಹಚ್ಚಿದರು. ಅದೂ ಮೂವತ್ತು ಎಂದಿತು. ಎರಡು ನಿಮಿಷ ಬಿಟ್ಟರೂ ಮೂವತ್ತು, ಹತ್ತು ನಿಮಿಷ ಬಿಟ್ಟರೂ ಮೂವತ್ತು.

“ಎಷ್ಟು ಸರಿಯಾಗಿ ಉಸಿರಾಡಾಕತ್ತೈತಿ ನೋಡ್ರಿ ಈಗ,” ಎಂದ ಕಲ್ಮೇಶ.

ಅಜ್ಜಾರು ಅಂಕಿಯ ಕಡೆ ನೋಡುತ್ತಿರಲಿಲ್ಲ, ಕೂಸಿನ ಹೊಟ್ಟೆ ನೋಡುತ್ತಿದ್ದರು.

“ಏಳು ತಿಂಗಳ ಕೂಸು ಗಡಿಯಾರದಂಗ ಉಸಿರಾಡತೈತೇನೋ?”

ಕಲ್ಮೇಶನೂ ಬಗ್ಗಿ ನೋಡಿದ. ಹೊಟ್ಟೆ ಅಂಕಿಯ ತಾಳಕ್ಕೆ ಏಳುತ್ತಿರಲಿಲ್ಲ.

ಅಜ್ಜಾರು ಯಂತ್ರ ಆರಿಸಿದರು. ಫಕೀರವ್ವನನ್ನು ಎಬ್ಬಿಸಿ, ಅವಳ ಕೈ ಹಿಡಿದು ಕೂಸಿನ ಎದೆಯ ಮೇಲೆ ಇಟ್ಟರು.

“ನನಗ ಅಷ್ಟೆಲ್ಲ ಎಣಿಸಾಕ ಬರೂದಿಲ್ರೀ ಅಜ್ಜಾರ,” ಎಂದಳು ಅವಳು. ಎರಡು ದಿನದಿಂದ ನಿದ್ದೆಯಿಲ್ಲದೆ ಅವಳ ಕಣ್ಣು ಕೆಂಡವಾಗಿದ್ದವು.

“ಎಣಿಸಬ್ಯಾಡವಾ. ನಿಂತ್ರ ಕೂಗು.”

ಡಾಕ್ಟರಮ್ಮ ಬಂದು ನೋಡಿದರು. ಅವರದು ಒಂದೇ ಮಾತು. ಮಧ್ಯಾಹ್ನದೊಳಗೆ ಯಂತ್ರ ಸರಿಹೋಗದಿದ್ದರೆ ಕೂಸನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸುವುದು. ಎರಡು ತಾಸಿನ ರಸ್ತೆ, ಒಂದೂ ಕಾಲು ಕಿಲೋದ ಕೂಸು. ದಾರಿಯಲ್ಲಿ ಏನಾದೀತೆಂದು ಯಾರೂ ಬಾಯಿಬಿಟ್ಟು ಆಡಲಿಲ್ಲ.

ಕಲ್ಮೇಶ ಶೆಡ್ಡಿಗೆ ಓಡಿದ. ಒಂದು ಗಟ್ಟಿ ಡಬ್ಬಿ ತಂದು ಉಸಿರಿನ ಯಂತ್ರವನ್ನು ಅದರೊಳಗೆ ಕೂರಿಸಿದ. ಅಂಚು ತಿಕ್ಕಿ, ಎಂಟೂ ಸ್ಕ್ರೂ ಬಿಗಿದ. ಯಂತ್ರ ಹಚ್ಚಿ ನೋಡಿದ.

ಮೂವತ್ತು.

“ಎಲ್ಲಿಂದನೋ ಗದ್ದಲ ಬರಾಕತ್ತೈತ್ರಿ. ಇದಕ್ಕ ಇನ್ನೊಂದು ಡಬ್ಬಿ ಹಾಕತೀನಿ.”

“ಈ ಎರಡು ವೈರು ಎಲ್ಲಿಗೆ ಹೋಗ್ಯಾವ?” ಎಂದರು ಅಜ್ಜಾರು.

“ಕೂಸಿನ ಎದೀಗ್ರಿ.”

“ಆ ವೈರಿಗುಂಟನ ಗದ್ದಲ ಬರತೈತಿ. ಕೂಸನ್ನೂ ಡಬ್ಬ್ಯಾಗ ಹಾಕತೀಯೇನು?”

ಕಲ್ಮೇಶ ಡಬ್ಬಿಯ ಸ್ಕ್ರೂ ಬಿಚ್ಚತೊಡಗಿದ.

“ಕೇಳೂ ಕಿವಿ ಮುಚ್ಚಿದ್ರ ಆಗೂದಿಲ್ಲ,” ಎಂದರು ಅಜ್ಜಾರು. “ಗದ್ದಲ ಮಾಡೂ ಬಾಯಿ ಹುಡುಕು.”

ಅವರು ಆ ಸಣ್ಣ ರೇಡಿಯೋವನ್ನೇ ಅವನ ಕೈಗೆ ಕೊಟ್ಟರು. ಯಾವ ಸ್ಟೇಷನ್ನೂ ಸಿಗದ ಜಾಗಕ್ಕೆ ಮುಳ್ಳು ತಿರುಗಿಸಿದ್ದರು. ಗದ್ದಲ ಮಾಡುವ ಯಂತ್ರದ ಹತ್ತಿರ ಹಿಡಿದರೆ ಅದು ಗರಗರ ಅನ್ನಬೇಕು. ಕಣ್ಣಿಗೆ ಕಾಣದ ಅಲೆ ಕಿವಿಗೆ ಕೇಳುವುದು ಹಾಗೆ.

ಕಲ್ಮೇಶ ಹೊರಗೆ ಬಿದ್ದ. ನದಿಯ ಪಂಪ್‌ಸೆಟ್ಟಿನ ಹತ್ತಿರ ಹಿಡಿದ, ಗರಗರ ಅಂದಿತು. ಪಂಪು ಬಂದ್ ಮಾಡಿಸಿದ. ಅಡುಗೆ ಮನೆಯ ಮಿಕ್ಸರಿನ ಹತ್ತಿರ ಹಿಡಿದ, ಅದನ್ನೂ ಬಂದ್ ಮಾಡಿಸಿದ. ಅಡುಗೆಯ ಶಾಂತವ್ವ, “ಚಟ್ನಿ ನಿನ್ನ ತಲೀಮ್ಯಾಲೆ ಅರೀಲೇನು?” ಎಂದು ರೇಗಿದಳು. ಹಿಟ್ಟಿನ ಗಿರಣಿಗೆ ಹೋಗಿ ಕೈ ಮುಗಿದು ಅದನ್ನೂ ನಿಲ್ಲಿಸಿದ. ವಾರ್ಡಿಗೆ ಬಂದು ಎಲ್ಲರ ಮೊಬೈಲ್ ಆರಿಸಿದ.

ಉಸಿರಿನ ಯಂತ್ರ ಹಚ್ಚಿದ. ಮೂವತ್ತು.

ಗಂಟೆ ಹನ್ನೊಂದಾಗಿತ್ತು. ಕಲ್ಮೇಶನಿಗೆ ಅಳು ಬರುವಂತಾಯಿತು. ಫಕೀರವ್ವ ತೂಕಡಿಸಿ ತೂಕಡಿಸಿ ಬೆಚ್ಚಿಬಿದ್ದು ಕೈಯನ್ನು ಮತ್ತೆ ಒತ್ತಿ ಹಿಡಿಯುತ್ತಿದ್ದಳು. ಅಜ್ಜಾರು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದರು.

“ಎಲ್ಲೆಲ್ಲಿ ಹೋಗಿ ಬಂದಿ?” ಎಂದು ಕೇಳಿದರು.

ಕಲ್ಮೇಶ ಹೇಳಿದ. ಪಂಪು, ಅಡುಗೆ ಮನೆ, ಗಿರಣಿ, ಮೊಬೈಲು.

“ಎಲ್ಲಾ ಮಂದೀದು ನೋಡ್ಕೊಂಡ ಬಂದಿ.”

ಕಲ್ಮೇಶನಿಗೆ ಮೊದಲು ಆ ಮಾತು ತಿಳಿಯಲಿಲ್ಲ. ತಿಳಿದಾಗ ಕಾಲು ಮುಂದೆ ಹೋಗಲು ಒಪ್ಪಲಿಲ್ಲ. ಆದರೂ ಹೋದ. ಗೋಡೆಯ ಮೇಲಿದ್ದ ನೀಲಿ ಡಬ್ಬಿಯ ಮುಂದೆ, ಮುಚ್ಚಳ ಕೂಡುವ ಗೆರೆಯ ಹತ್ತಿರ ರೇಡಿಯೋ ಹಿಡಿದ.

ಟರ್ರ್.

ಎರಡು ಸೆಕೆಂಡು ಸುಮ್ಮನೆ. ಮತ್ತೆ ಟರ್ರ್. ಮತ್ತೆ ಎರಡು ಸೆಕೆಂಡು. ಟರ್ರ್.

ಡಬ್ಬಿಯೊಳಗಿನ ಸಲಕರಣೆ ಎರಡೆರಡು ಸೆಕೆಂಡಿಗೆ ಹೀಟರನ್ನು ಹಚ್ಚಿ ಆರಿಸುತ್ತಿತ್ತು. ನಿಮಿಷಕ್ಕೆ ಮೂವತ್ತು ಸಲ. ಒಂದೊಂದು ಸಲವೂ ಅದರ ಗದ್ದಲ, ಬಣ್ಣ ತಗಡನ್ನು ತಗಡಿಗೆ ಮುಟ್ಟಗೊಡದೆ ಬಿಟ್ಟ ಅಂಚಿನ ಸೀಳಿನಿಂದ ಹೊರಗೆ ಹಾರಿ, ಕೂಸಿನ ಎದೆಯ ವೈರು ಹತ್ತಿ, ಯಂತ್ರಕ್ಕೆ ಒಂದು ಉಸಿರಾಗಿ ಕಾಣುತ್ತಿತ್ತು. ಸೋಮವಾರದಿಂದ ಆ ಹಸಿರು ದೀಪ ಎಣಿಸುತ್ತಿದ್ದದ್ದು ಕೂಸಿನ ಉಸಿರನ್ನಲ್ಲ, ಕಲ್ಮೇಶನ ಡಬ್ಬಿಯನ್ನು.

ಅವನು ರೇಡಿಯೋ ಆರಿಸಿದ.

“ಬಿಚ್ಚಿ ಒಯ್ಯಿ,” ಎಂದರು ಅಜ್ಜಾರು. “ಸರಿ ಮಾಡ್ಕೊಂಡ ಬಾ. ಹೀಟರ್ ಇಲ್ಲದಾಗ ಕೂಸು ತಾಯಿ ಎದೀ ಮ್ಯಾಲೆ ಇರಲಿ. ನಾ ಇಲ್ಲೇ ಕುಂದರತೀನಿ.”

ಏನಾಗಿದೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಆಗಲೇ ಹೇಳಿಬಿಡುತ್ತಿದ್ದನೋ ಏನೋ.

ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಕಲ್ಮೇಶ ಮುಚ್ಚಳ ತೆಗೆದು, ಪಾಲಿಶ್ ಪೇಪರ್ ಹಿಡಿದು ಕೂತ. ನಾಲ್ಕು ದಿನದ ಹಿಂದೆ ಉಸಿರು ಬಿಗಿಹಿಡಿದು ಹಚ್ಚಿದ ಬಣ್ಣ ಪುಡಿಪುಡಿಯಾಗಿ ತೊಡೆಯ ಮೇಲೆ ಉದುರಿತು. ಕಾಲು ತಾಸಿನ ಕೆಲಸ, ಅಷ್ಟೇ. ಕಾಲು ತಾಸಿನ ಕೆಲಸಕ್ಕೆ ಒಂದು ಜೀವ ಹೋಗುತ್ತಿತ್ತು.

ಬೆಳ್ಳಗಿನ ಅಂಚು ಸುತ್ತಲೂ ಕಂಡ ಮೇಲೆ ಎಂಟು ಸ್ಕ್ರೂ ಬಿಗಿದ. ಕರೆಂಟು ಕೊಟ್ಟು ರೇಡಿಯೋ ಹಿಡಿದ. ಏನೂ ಇಲ್ಲ. ಸೀಳಿದ್ದ ಉದ್ದಕ್ಕೂ ಹಿಡಿದ. ಏನೂ ಇಲ್ಲ.

ಆಗ ಅವನಿಗೆ ಒಂದು ಯೋಚನೆ ಬಂತು. ಬಣ್ಣ ಹಚ್ಚಿದ್ದನ್ನು ಕಂಡವರು ಯಾರಿದ್ದಾರೆ? ಯಾರೂ ಇಲ್ಲ. ತೊಡೆಯ ಮೇಲಿನ ಪುಡಿ ಕೊಡವಿದರೆ ಅದರ ಕುರುಹೂ ಇಲ್ಲ. ಅವನು ಎದ್ದು ಕೊಡವಿದ.

ಹನ್ನೆರಡಕ್ಕೆ ಡಬ್ಬಿ ಮತ್ತೆ ಗೋಡೆ ಹತ್ತಿತು. ಹೀಟರ್ ಹಚ್ಚಿದರು. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದರು. ಉಸಿರಿನ ಯಂತ್ರದ ಗುಂಡಿ ಒತ್ತಿದರು.

ಮೂವತ್ತೆಂಟು. ನಲವತ್ನಾಲ್ಕು. ನಲವತ್ತೊಂದು. ಮೂವತ್ತೈದು.

ಅಜ್ಜಾರು ನೆಲದ ಮೇಲೆ ಕೂತಿದ್ದರು, ಉಳಿದವರೆಲ್ಲ ತೊಟ್ಟಿಲ ಸುತ್ತ ನಿಂತೇ ಇದ್ದರು. ಡಾಕ್ಟರಮ್ಮನೂ ಇದ್ದರು. ಸ್ವಲ್ಪ ಹೊತ್ತಿನಲ್ಲಿ ಕೂಸಿನ ಹೊಟ್ಟೆ ಏಳುವುದು ನಿಂತಿತು. ಅಂಕಿ ಇಳಿಯಿತು. ಹಸಿರು ದೀಪ ಕೆಂಪಾಯಿತು. ಯಂತ್ರ ಕಿವಿ ಕಿತ್ತುಹೋಗುವ ಹಾಗೆ ಕಿರುಚಿತು.

ಹಸೀನಾ ಅಂಗಾಲಿಗೆ ಚಿಟಿಕೆ ಹೊಡೆದಳು. ಒಂದೇ ಹೊಡೆತಕ್ಕೆ ಕೂಸು ಉಸಿರೆಳೆದುಕೊಂಡಿತು.

“ಬ್ಯಾರೆ ಊರಿಗೆ ಒಯ್ಯೂದು ಬ್ಯಾಡ,” ಎಂದರು ಡಾಕ್ಟರಮ್ಮ. “ಇಲ್ಲೇ ಇರಲಿ.”

ಫಕೀರವ್ವ ಅಳುತ್ತ ಬಂದು ಕಲ್ಮೇಶನ ಎರಡೂ ಕೈ ಹಿಡಿದಳು. ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು.

“ನನ್ನ ಕೂಸಿನ ಉಳಿಸಿದಿ ಯಣ್ಣಾ. ನೀನ ದೇವರು ನನ್ನ ಪಾಲಿಗೆ.”

ಕಲ್ಮೇಶ ಕೈ ಹಿಂದಕ್ಕೆಳೆಯಲು ನೋಡಿದ. ಅವಳು ಬಿಡಲಿಲ್ಲ. ಭೂಮಿ ಬಾಯಿಬಿಡಬಾರದೇ ಅನಿಸಿತು ಅವನಿಗೆ.

“ಏನಾಗಿತ್ತೋ ಕಲ್ಮೇಶ?” ಎಂದು ಅಜ್ಜಾರು ಕೇಳಿದರು.

ಎಲ್ಲರೂ ಅವನ ಮುಖ ನೋಡಿದರು.

“ಒಂದು ಸ್ಕ್ರೂ ಸಡಲ ಆಗಿತ್ರಿ ಅಜ್ಜಾರ.”

“ಯಾವುದು?”

ಏಳು ಸ್ಕ್ರೂ ಅವನವು. ಅವುಗಳಲ್ಲಿ ಯಾವುದನ್ನು ಹೇಳಿದರೂ ತಪ್ಪು ಅವನದೇ. ನಾಲಿಗೆ ತಾನಾಗಿ ಜಾರಿತು.

“ಕಡೀದು.”

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದೇನೆಂದು ಹೊಳೆಯಿತು. ಆದರೆ ಮಾತು ಬಾಯಿಂದ ಹೊರಬಿದ್ದಾಗಿತ್ತು.

ಅಜ್ಜಾರು ಗೋಡೆ ಹಿಡಿದುಕೊಂಡು ಎದ್ದರು. ಎಪ್ಪತ್ತಾರು ವರ್ಷದ ಮೊಣಕಾಲು, ಏಳಲು ಹೊತ್ತು ಬೇಕಾಯಿತು. ಫಕೀರವ್ವನ ಮುಂದೆ ಹೋಗಿ ನಿಂತು ಕೈ ಮುಗಿದರು.

“ಯವ್ವಾ, ಕಡೀ ಸ್ಕ್ರೂ ತಿರುವಿದ್ದು ಈ ಕೈ. ನಿನ್ನ ಕೂಸಿನ ಉಸಿರು ನಿಂತಾಗ ಯಂತ್ರ ಸುಳ್ಳು ಹೇಳ್ತಲ್ಲ, ಆ ತಪ್ಪು ನಂದು.”

ಫಕೀರವ್ವ ಕಲ್ಮೇಶನ ಕೈ ಬಿಟ್ಟಳು. ಏನೂ ತಿಳಿಯದವಳ ಹಾಗೆ ಅಜ್ಜಾರನ್ನು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಬದಲಾಯಿತು.

“ನೀವಾ?” ಎಂದಳು. “ಅಜ್ಜಾರು ಅದಾರ, ಏನೂ ಆಗೂದಿಲ್ಲ ಅಂತ ಎಲ್ಲಾರೂ ಹೇಳಿದ್ರು. ನಿಮ್ಮನ್ನ ನಂಬಿ ಬಂದಾಕಿ ರೀ ನಾನು.”

“ಖರೇ ಐತವಾ.”

“ನೀವ ಹಿಂಗ ಮಾಡಿದ್ರ ನಾವು ಯಾರ ಹಂತೇಕ ಹೋಗೂಣು?”

ಅಜ್ಜಾರು ಮುಗಿದ ಕೈ ಇಳಿಸಲಿಲ್ಲ. ತಲೆ ಬಾಗಿಸಿ ನಿಂತೇ ಇದ್ದರು. ಹಸೀನಾ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆ ಆಸ್ಪತ್ರೆಯಲ್ಲಿ ಅಜ್ಜಾರಿಗೆ ಎದುರು ಮಾತಾಡಿದವರನ್ನು ಯಾರೂ ಕಂಡಿರಲಿಲ್ಲ.

ಕಲ್ಮೇಶನಿಗೆ ತಡೆಯಲಾಗಲಿಲ್ಲ.

“ಸುಳ್ಳ ಹೇಳೀನ್ರಿ!” ಎಂದು ಕೂಗಿದ. “ಸ್ಕ್ರೂ ಸಡಲ ಆಗಿರಲಿಲ್ಲ. ಒಂದೂ ಆಗಿರಲಿಲ್ಲ. ನಾ ಅಂಚಿಗೆ ಬಣ್ಣ ಹಚ್ಚಿದ್ನಿ. ಹಚ್ಚಬಾರದು ಅಂತ ಗೊತ್ತಿತ್ತು. ಅಜ್ಜಾರು ಮೊದಲನೇ ದಿನಾನ ಹೇಳಿದ್ರು. ಚಂದ ಕಾಣಲಿ ಅಂತ ಹಚ್ಚಿದ್ನಿ. ತಿಳೀಬಾರದು ಅಂತ ಮುಚ್ಚಳಾ ಮುಚ್ಚಿಕೊಂಡ ಬಂದ್ನಿ. ಈಗ ತಿಕ್ಕಿ ತಗದೀನಿ.”

ಅವನು ಕೈ ಮುಂದೆ ಚಾಚಿದ. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಉಳಿದಿತ್ತು.

ಫಕೀರವ್ವ ಆ ಉಗುರುಗಳನ್ನು ನೋಡಿದಳು. ಈಗಷ್ಟೇ ಅವುಗಳನ್ನು ಕಣ್ಣಿಗೆ ಒತ್ತಿಕೊಂಡಿದ್ದಳು.

“ನನ್ನ ಕೂಸು ಸತ್ತಿದ್ರ ಏನ್ ಮಾಡ್ತಿದ್ದಿ?” ಎಂದಳು ಮೆಲ್ಲಗೆ. “ಬಣ್ಣ ಎಷ್ಟ ಚಂದ ಐತಿ ನೋಡವಾ ಅಂತ ತೋರಸ್ತಿದ್ದೇನು?”

ಕಲ್ಮೇಶನ ಕಣ್ಣಿಂದ ನೀರು ದಳದಳ ಇಳಿಯಿತು. ಅದನ್ನು ನೋಡಿ ಅವಳೇನೂ ಕರಗಲಿಲ್ಲ, ಯಾಕೆ ಕರಗಬೇಕು?

“ಅಳಬ್ಯಾಡ. ಬಾ ಇಲ್ಲಿ. ಕುಂದರ ಇಲ್ಲಿ.”

ಅವನು ತೊಟ್ಟಿಲ ಪಕ್ಕ ಕೂತ.

“ಕೈ ಇಡು.”

ಅವನು ಕೂಸಿನ ಎದೆಯ ಮೇಲೆ ಕೈ ಇಟ್ಟ. ಅಂಗೈಯೊಳಗೆ ಇಡೀ ಎದೆ ಹಿಡಿಸಿತು.

“ಯಂತ್ರ ಐತಿ ಅಂತ ಕೈ ತಗದಿ ಅಂದ್ರ ನೋಡು. ಎರಡ ದಿನ ಆತು ನಾ ಕಣ್ಣ ಮುಚ್ಚಿಲ್ಲ. ನಾ ಏಳೂ ತನಕ ಹಿಂಗ ಕುಂದರಬೇಕು ನೀನು.”

ಹೇಳಿದವಳೇ ಗೋಡೆಯ ಬದಿಗೆ ಹೋಗಿ, ಸೆರಗು ಹೊದ್ದು, ಮಲಗಿಬಿಟ್ಟಳು.

ಒಂದು ತಾಸಾಯಿತು, ಎರಡಾಯಿತು. ಹಸೀನಾ ಚಹಾ ತಂದಳು, ಅದು ಆರಿಹೋಯಿತು. ಕಲ್ಮೇಶನ ತೋಳು ಮೊದಲು ನೋಯಿತು, ಆಮೇಲೆ ಜೋಮು ಹಿಡಿಯಿತು. ಅವನು ಕೈ ತೆಗೆಯಲಿಲ್ಲ. ಆ ಉಸಿರು ಒಂದು ಸಲ ಬೇಗ ಬರುತ್ತಿತ್ತು, ಒಂದು ಸಲ ತಡೆಯುತ್ತಿತ್ತು, ಇನ್ನೇನು ನಿಂತೇಹೋಯಿತು ಅನ್ನುವಾಗ ಮತ್ತೆ ಬರುತ್ತಿತ್ತು. ಆರು ವರ್ಷ ಇಂಥ ಕೂಸುಗಳಿಗೆಂದು ಡಬ್ಬಿ ಮಾಡಿದವನು, ಒಂದು ಕೂಸನ್ನೂ ಮುಟ್ಟಿ ನೋಡಿದವನಲ್ಲ.

ಇಳಿಹೊತ್ತಿಗೆ ಅಜ್ಜಾರು ಬಂದರು. ಎದುರಿನ ಸ್ಟೂಲಿನ ಮೇಲೆ ಕೂತರು. ಫಕೀರವ್ವ ಸತ್ತವಳ ಹಾಗೆ ನಿದ್ದೆ ಹೋಗಿದ್ದಳು.

“ಅಜ್ಜಾರ,” ಎಂದ ಕಲ್ಮೇಶ, ಕೂಸಿಗೆ ಎಚ್ಚರಾಗದಂತೆ ಮೆಲ್ಲಗೆ. “ನಾ ಊರಿಗೆ ಹೋಗಲೇನ್ರಿ? ಈ ಕೆಲಸಕ್ಕ ನಾ ಯೋಗ್ಯ ಅಲ್ಲ.”

“ಕೈ ತಗದು ಹ್ಯಾಂಗ ಹೋಗತೀ?”

ಮಧ್ಯಾಹ್ನದಿಂದ ಕಲ್ಮೇಶನ ಎದೆಯಲ್ಲಿ ಕೊರೆಯುತ್ತಿದ್ದ ಮಾತೊಂದಿತ್ತು, ಅದನ್ನು ಕೇಳದೆ ಅವನಿಂದ ಇರಲಾಗಲಿಲ್ಲ.

“ನಾ ಸುಳ್ಳ ಹೇಳಾಕತ್ತೀನಿ ಅಂತ ನಿಮಗ ಗೊತ್ತಿತ್ರಿ. ನಾ ಒಪ್ಪಿಕೊಳ್ಳಲಿ ಅಂತನ ಆಕಿ ಮುಂದ ಹಂಗ ನಿಂತ್ರಿ. ಹೌದಲ್ರಿ? ನನಗ ಬುದ್ಧಿ ಕಲಸಾಕ ನೀವು ಅಷ್ಟು ಮಾತು ಅನಸ್ಕೊಂಡ್ರಿ.”

ಅಜ್ಜಾರು ತಮ್ಮ ಬಲಗೈ ನೋಡಿಕೊಂಡರು.

“ಬಣ್ಣದ್ದು ನನಗ ಗೊತ್ತಿರಲಿಲ್ಲ,” ಎಂದರು. “ಮುಚ್ಚಳಾ ಎತ್ತಿದ್ರ ಗೊತ್ತಾಗತಿತ್ತು. ನಾ ಎತ್ತಲಿಲ್ಲ.”

ಕಲ್ಮೇಶನ ಅಂಗೈ ಕೆಳಗೆ ಉಸಿರು ಒಮ್ಮೆ ತಡೆದು, ಮತ್ತೆ ಹೊರಟಿತು. ಅಜ್ಜಾರು ಅದು ಹೊರಡುವವರೆಗೂ ಕಾದರು.

“ನಾ ಆಕೀಗೆ ಕೈ ಮುಗದದ್ದು ನಿನ್ನ ಸಲುವಾಗಿ ಅಲ್ಲೋ, ಕಲ್ಮೇಶ.”